ಹಲ್ಲಲ್ಲಿ ಕಡಿದ ದಾರ

ನೆರಳು ನನಗಿಂತ ಮುಂದೆ ಓಡುತ್ತಿದೆ, ಗೋಡೆಯುದ್ದಕ್ಕೂ, ಭುಜದ ಚೀಲ ಗೂನಿನ ಹಾಗೆ ಕುಣಿಯುತ್ತಿದೆ, ಓಡು ಓಡು, ದರ್ಜಿ ಅಂಗಡಿಯನ್ನು ನೀನೇ ಮೊದಲು ಮುಟ್ಟು, ಬೆರಳೆಲ್ಲ ಸೀಮೆಸುಣ್ಣ, ಅದೇ ಕೈಯಲ್ಲಿ ಮೂಗು ಒರೆಸಿಕೊಂಡಿರಬೇಕು, ಎದುರು ಬಂದ ಹೆಂಗಸು ನಕ್ಕಳು, ನಗಲಿ, ಇವತ್ತು ಯಾರು ಬೇಕಾದರೂ ನಗಲಿ — ಗುಂಡಿಗೆ ಕಳೆಯುವ ಲೆಕ್ಕ ಬಂತು! ದರ್ಜಿಯ ಕಿರಿಮಗಳು, ಅದಕ್ಕೇ ಮೂರನೇ ತರಗತಿಯವರೆಲ್ಲ ಅವಳನ್ನು ಗುಂಡಿ ಅನ್ನುವುದು, ಅವಳ ಅಂಗಿಯಲ್ಲಿ ಮಾತ್ರ ಯಾವಾಗಲೂ ಒಂದು ಗುಂಡಿ ಇರುವುದಿಲ್ಲ. ಅಪ್ಪಂಗೆ ನೀವೇ ಹೇಳಿ ಮಿಸ್, ನಾನ್ ಹೇಳಿದ್ರೆ ನಂಬಲ್ಲ, ಅಂತ ತೋಳು ಹಿಡಿದು ಜಗ್ಗಿದಳು, ಬಾರೇ ಜೊತೆಗೇ ಅಂದರೆ ಊಹೂಂ, ನೀವ್ ಹೋಗಿ, ಹೇಳಾದ್ಮೇಲೆ ಬರ್ತೀನಿ. ನಂಬುವುದಾದರೂ ಹೇಗೆ ಪಾಪ, ಆವತ್ತು ದರ್ಜಿ ಶಾಲೆಗೆ ಬಂದು ನಿಂತಿದ್ದರಲ್ಲ, ಕೊರಳಲ್ಲಿ ಅಳತೆಪಟ್ಟಿ, ತೆಗೆಯುವುದನ್ನೇ ಮರೆತಿದ್ದರು — ಇವಳ ತಲೆಗೆ ಲೆಕ್ಕ ಹತ್ತಲ್ಲ ಬಿಡಿ ಮಿಸ್, ಇವಳಕ್ಕನೇ ಬೇರೆ, ಇವಳೇ ಬೇರೆ, ಬೇರೆ ಮಕ್ಕಳು ಆಡ್ಕೊಂಡಿರೋ ಹೊತ್ತಲ್ಲಿ ಇವಳನ್ನ ಕೂರಿಸ್ಕೊಂಡು ಅಳಿಸೋದು ಬೇಡ, ಈ ವಾರ ಒಂದು ಮುಗೀಲಿ, ಆಮೇಲೆ ಈ ಸಂಜೆ ಪಾಠಕ್ಕೆ ಕಳಿಸಲ್ಲ. ಅವಳು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಅಂಗಿಯ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಆ ವಾರ ಇವತ್ತಿಗೆ ಮುಗಿಯಿತು, ಇವತ್ತೇ, ಅಬ್ಬಾ, ಇವತ್ತೇ ಆಗಬೇಕಿತ್ತೇ!

ಸೈಕಲ್ ಗಂಟೆ, ಸರಿದೆ ಮಾರಾಯ, ಸರಿದೆ. ನಮ್ಮದು ಆಟದ ಸಾಮಾನಿನ ಕೋಣೆ, ಗಾಳಿ ಹೋದ ಚೆಂಡುಗಳ ನಡುವೆ ಒಂದು ಚಾಪೆ, ಶಾಲೆ ಬಿಟ್ಟ ಮೇಲೆ ನಾನು ಮತ್ತು ಲೆಕ್ಕದಲ್ಲಿ ಹಿಂದೆ ಬಿದ್ದ ನಾಲ್ಕು ಮಕ್ಕಳು, ಹೊರಗಿನವರ ಬಾಯಲ್ಲಿ ದಡ್ಡರ ಕೋಣೆ. ಎರಡರಲ್ಲಿ ಏಳು ಹೋಗದಿದ್ದರೆ ಗುಂಡಿ ಸೀದಾ ತಿರುಗಿಸಿಬಿಡುತ್ತಿದ್ದಳು, ಏಳರಲ್ಲಿ ಎರಡು ಕಳೆದು ಐದು ಬರೆದು, ಎಷ್ಟು ದುಂಡಗೆ ಬರೆಯುತ್ತಿದ್ದಳು ಆ ತಪ್ಪನ್ನು! ಪಕ್ಕದ ಮನೆಯಿಂದ ಹತ್ತು ಸಾಲ ತಗೋ ಅಂದೆ ಒಂದು ದಿನ, ಎಲ್ಲರೂ ಹೇಳಿಕೊಡುವ ಹಾಗೇ. ವಾಪಸ್ ಯಾವಾಗ ಕೊಡ್ಬೇಕು ಮಿಸ್? ಅಂದಳು. ಮಕ್ಕಳು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ, ನಗುತ್ತಿದ್ದ ಬಾಯಿ ಅರ್ಧಕ್ಕೇ ನಿಂತಿತು — ಹೌದಲ್ಲ, ವಾಪಸ್ ಕೊಡದೇ ಇದ್ದದ್ದು ಸಾಲ ಹೇಗಾಗುತ್ತೆ, ಈ ಮಗು ದಡ್ಡಿಯೇ? ಮರುದಿನ ಆ ಮಾತನ್ನೇ ಬಿಟ್ಟೆ, ಅವಳಪ್ಪನ ಅಂಗಡಿಯ ಜೊತೆ ತಪ್ಪಿದ ಗುಂಡಿಗಳನ್ನು ತರಿಸಿದೆ, ಹತ್ತು ಹತ್ತು ಪೋಣಿಸಿ ಸರ ಮಾಡಿದೆವು, ಸರ ಅಂದರೆ ಹತ್ತು, ಬಿಡಿ ಅಂದರೆ ಒಂದು, ಆದರೂ ಎಲ್ಲಿ, ದಿನಾ ಅದೇ ತಿರುವು, ಅದೇ ದುಂಡನೆಯ ಐದು.

ಇವತ್ತು ಬರೆದೆ, ನಲವತ್ತೆರಡರಲ್ಲಿ ಹದಿನೇಳು. ಚಾಪೆಯ ಮೇಲೆ ನಾಲ್ಕು ಸರ, ಎರಡು ಬಿಡಿ ಗುಂಡಿ. ಒಂದು ಸರ ತೆಗೆದು ಪಕ್ಕಕ್ಕಿಟ್ಟಳು, ಇನ್ನು ಏಳು ಬೇಕು, ಬಿಡಿ ಗುಂಡಿ ಎರಡನ್ನೂ ಬೆರಳಲ್ಲಿ ಉರುಳಿಸಿದಳು, ಹೇಳಿಬಿಡಲೇ, ಬೇಡ, ನಾಲಗೆ ಕಚ್ಚಿಕೊಂಡೆ, ಮಾತಾಡಬೇಡ, ಮಾತಾಡಬೇಡ. ಪಕ್ಕದಲ್ಲಿದ್ದವನು, ತಿರುಗ್ಸೇ, ಏಳರಲ್ಲಿ ಎರಡು ತೆಗಿ ಅಂದ. ಗುಂಡಿ ಅವನ ಮೇಲೆ ಹಾರಿಬಿದ್ದಳು, ಸುಮ್ನಿರೋ, ಏಳು ಎಲ್ಲಿದೆ ಇಲ್ಲಿ, ಇರೋದೇ ಎರಡು! ಅಂದವಳೇ ಒಂದು ಸರ ಎತ್ತಿ, ದಾರವನ್ನು ಹಲ್ಲಿಗೆ ಕೊಟ್ಟು, ಥೇಟ್ ಅವಳಪ್ಪನ ಹಾಗೆ, ಕಟಕ್ — ಗುಂಡಿಗಳು ಚಾಪೆ ತುಂಬಾ, ಚೆಂಡುಗಳ ಸಂದಿಗೆ, ನನ್ನ ಕಾಲಡಿಗೆ. ಸಾಲ ಅಲ್ಲ ಮಿಸ್ ಇದು, ನಮ್ದೇ! ಬಿಚ್ಚಿದ್ರಾಯ್ತು! ಎಲ್ಲರೂ ಅಂಬೆಗಾಲಿಕ್ಕಿ ಆರಿಸಿದೆವು, ಹನ್ನೆರಡು, ಏಳು ತೆಗೆದಳು, ಐದು, ಉಳಿದದ್ದು ಎರಡು ಸರ, ಇಪ್ಪತ್ತೈದು. ಕಾಕತಾಳೀಯ ಇರಬಹುದು ಅಂತ ಸೊನ್ನೆ ಇಟ್ಟು ಹೆದರಿಸಿದೆ, ಐವತ್ತರಲ್ಲಿ ಇಪ್ಪತ್ತಾರು, ಬಿಡಿ ಒಂದೂ ಇಲ್ಲ, ಮತ್ತೆ ಕಟಕ್, ಇಪ್ಪತ್ನಾಲ್ಕು, ತಲೆ ಕೂಡ ಎತ್ತಲಿಲ್ಲ ಪುಣ್ಯಾತ್ಗಿತ್ತಿ.

ಹೊಲಿಗೆ ಯಂತ್ರದ ಸದ್ದು, ಬಂತು ಅಂಗಡಿ, ಮೆಟ್ಟಿಲು ಎಡವಿದೆ, ದರ್ಜಿ ಗಾಬರಿಯಿಂದ ಎದ್ದರು, ಏನಾಯ್ತು ಮಿಸ್, ಮಗು ಎಲ್ಲಿ? ನನಗೆ ಉಸಿರೇ ಇಲ್ಲ, ಬಿಚ್ಚಿದಳು, ಹತ್ತು, ಹಲ್ಲಲ್ಲಿ, ಅಂದೆ. ಹಲ್ಲು ಬಿತ್ತಾ? ಅಂದರು. ಅಯ್ಯೋ ಅಲ್ಲ, ಲೆಕ್ಕ, ಲೆಕ್ಕ ಬಂತು! ಅಂತ ಎಲ್ಲ ಹೇಳಿದೆ, ಕೈ ಬಾಯಿ ಎರಡರಲ್ಲೂ. ಅವರು ಮೆಲ್ಲಗೆ ಕೂತರು. ಯಾರೂ ಹೇಳ್ಕೊಡ್ಲಿಲ್ವಾ? ಯಾರೂ ಇಲ್ಲ. ನೀವೂ? ನಾನೂ ಇಲ್ಲ. ಹೊಲಿಯುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಮಡಚಿದರು, ಮತ್ತೆ ಬಿಚ್ಚಿದರು, ಕಳಿಸಲ್ಲ ಅಂದಿದ್ದೆನಲ್ಲ ಮಿಸ್, ಆ ಮಾತು ಬಿಟ್ಬಿಡಿ, ಅಂದರು, ಇನ್ನೊಂದ್ಸಲ ಹೇಳಿ, ನಿಧಾನಕ್ಕೆ, ಮೊದಲಿಂದ. ಹೇಳುತ್ತೇನೆ, ನಾಲ್ಕು ಸರ, ಎರಡು ಬಿಡಿ, ಅವಳು ಸರ ಎತ್ತಿದಳು, ಆಮೇಲೆ, ಆಮೇಲೆ — ಇಲ್ಲ, ಇಲ್ಲಿಂದ ಮುಂದಕ್ಕೆ ಹೋಗಲಾರೆ, ಅವಳು ಸರ ಎತ್ತಿದ್ದಾಳೆ, ಹಲ್ಲುಗಳ ನಡುವೆ ದಾರ, ಕಣ್ಣು ಅಗಲ, ಹತ್ತು ಗುಂಡಿಗಳು ಇನ್ನೂ ಗಾಳಿಯಲ್ಲೇ —