ಅಮ್ಮ ಹೇಳಬಾರದ ಹೆಸರು

ನಮ್ಮಪ್ಪ ಚೆನ್ನರಾಯಪ್ಪ ಸತ್ತಾಗ ನಾನು ಅಳಲಿಲ್ಲ. ಅತ್ತಿದ್ದರೆ ಸುಳ್ಳಾಗುತ್ತಿತ್ತು. ನಗರಗೆರೆಯಲ್ಲಿ ಬೇಕಾದರೆ ಕೇಳಿ ನೋಡಿ, ಊರಿಗೆ ಅವನು ಧರ್ಮರಾಯ. ಯಾರ ಮನೆಯ ಮದುವೆಯಾದರೂ ಮುಂದೆ ನಿಂತು ಬಡಿಸುತ್ತಿದ್ದ, ಪಂಚಾಯ್ತಿಗೆ ಕರೆದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವನ ಕೈಗೆ ಸಿಗುತ್ತಿದ್ದವಳು ಅಮ್ಮ. ಸೌದೆ, ಹಗ್ಗ, ಚಪ್ಪಲಿ, ಇಂಥದ್ದೇ ಆಗಬೇಕು ಅಂತಿರಲಿಲ್ಲ. ಅಮ್ಮನ ಎಡ ಮೊಣಕೈ ಇವತ್ತಿಗೂ ಸೊಟ್ಟ. ಸಾರಿಗೆ ಉಪ್ಪು ಜಾಸ್ತಿಯಾಗಿದ್ದಕ್ಕೆ ಸಿಕ್ಕ ಬಹುಮಾನ ಅದು. ಆಸ್ಪತ್ರೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದೆ ಅಂದಳು.

ನಾನು ದೊಡ್ಡ ಮಗಳು, ಕೊಂಡಮ್ಮ. ಅಪ್ಪನ ತಾಯಿಯ ಹೆಸರು. ಹಿರಿಯರ ಹೆಸರು ಹೊತ್ತ ಮಗುವನ್ನು ಹೊಡೆಯಬಾರದು, ಹೊಡೆದರೆ ಆ ಹಿರಿಯರಿಗೇ ಹೊಡೆದ ಹಾಗೆ ಅಂತ ನಮ್ಮ ಕಡೆ ಒಂದು ಮಾತಿದೆ. ಆ ಮಾತು ಅಪ್ಪನ ಕಿವಿಗೆ ಬಿದ್ದಿರಲಿಲ್ಲವೋ, ಅಥವಾ ಹೆತ್ತ ತಾಯಿಯ ಮೇಲೂ ಸಿಟ್ಟಿತ್ತೋ, ನನಗಂತೂ ಬೀಳುವುದು ಬೀಳುತ್ತಲೇ ಇತ್ತು. ಈಗ ಹದಿನೆಂಟು ವರ್ಷದಿಂದ ಶಿಡ್ಲಘಟ್ಟದಲ್ಲಿ ವಜೀರ್ ಸಾಬರ ಹತ್ತಿರ ರೇಷ್ಮೆ ನೂಲು ತೆಗೆಯುವ ಕೆಲಸ. ಗೂಡು ಬೇಯಿಸುವ ಬಿಸಿನೀರಿಗೆ ಕೈಯಿಟ್ಟೂ ಇಟ್ಟೂ ಕೈ ದಪ್ಪಗಾಗಿದೆ, ಬಾಯಿಯೂ ಹಾಗೆಯೇ.

ಅಮ್ಮ ಲಕ್ಷ್ಮೀನರಸಮ್ಮ ಮಾತ್ರ ನಲವತ್ತೊಂದು ವರ್ಷದಲ್ಲಿ ಒಂದು ಸಲವೂ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದಂತೆ. ರೇಷನ್ ಅಂಗಡಿಯವನು "ಯಜಮಾನ್ರ ಹೆಸರೇನಮ್ಮ?" ಅಂದರೆ ನನ್ನ ಕಡೆ ತಿರುಗುತ್ತಿದ್ದಳು. ಒಂದು ದಿನ ನನಗೆ ತಡೆಯಲಾಗದೆ "ಹೇಳಮ್ಮ, ದಿನಕ್ಕೆ ಹತ್ತು ಸಲ ಹೇಳು, ಬೇಗ ಕಮ್ಮಿಯಾಗ್ಲಿ" ಅಂದುಬಿಟ್ಟೆ. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಅಮ್ಮ ನಗಲಿಲ್ಲ.

ಅಪ್ಪ ಎದೆನೋವಿಂದ ಹೋಗಿ ವರ್ಷ ತುಂಬುವುದರೊಳಗೆ ನನ್ನ ತಮ್ಮ ಗಂಗಾಧರನಿಗೆ ಗಂಡು ಮಗುವಾಯಿತು. ತಮ್ಮ ಗೌರಿಬಿದನೂರಿನ ಒಂದು ಕಂಪನಿಯಲ್ಲಿ ಸೂಪರ್‌ವೈಸರ್. ಅಪ್ಪನ ಮೂಗು, ಅಪ್ಪನ ಗಂಟಲು. ಕೈ ಯಾರದು ಅಂತ ನಾನು ಹೇಳಬೇಕಾಗಿಲ್ಲ. ಅವನ ಹೆಂಡತಿ ಪ್ರಿಯಾಂಕ ಚಿಂತಾಮಣಿಯ ಹುಡುಗಿ, ಡಿಗ್ರಿ ಓದಿದವಳು. ತವರಲ್ಲಿ ಬಾಣಂತನ ಮುಗಿಸಿಕೊಂಡು ಮೂರನೇ ತಿಂಗಳಿಗೆ ಬಂದಳು. ಬರುವಾಗಲೇ ಮೊಬೈಲಿನಲ್ಲಿ ಹುಡುಕಿದ ಒಂದು ಹೆಸರನ್ನು ಜೊತೆಗೆ ತಂದಿದ್ದಳು: ಕ್ರಿಯಾಂಶ್.

"ಅದು ಹೆಸರೇನೇ, ಕೆಮ್ಮೇನೇ?" ಅಂತ ನಾನು ರೇಗಿಸಿದೆ.

"ನಮ್ ತಾಲ್ಲೂಕಲ್ಲೇ ಯಾರ್ಗೂ ಇಲ್ಲ ಅಕ್ಕ ಈ ಹೆಸ್ರು. ನನ್ ಮಗಂಗೆ ಯಾರ್ ಹೆಸ್ರೂ ಬೇಡ. ಅವನ್ದೇ ಇರ್ಲಿ" ಅಂದಳು. ನಗುತ್ತಲೇ ಅಂದಳು, ಆದರೆ ಕಣ್ಣಲ್ಲಿ ನಗು ಇರಲಿಲ್ಲ.

ಬೇಡ ಅಂದವಳು ಅಮ್ಮ. "ಅವರ ಹೆಸ್ರೇ ಇಡ್ಬೇಕು. ಇಲ್ಲಾಂದ್ರೆ ನಾನು ಅನ್ನ ಮುಟ್ಟಲ್ಲ" ಅಂತ ಎರಡು ದಿನ ಉಪವಾಸ ಕೂತಳು. ಊರಿನವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅಷ್ಟು ಏಟು ತಿಂದವಳಿಗೆ ಇನ್ನೂ ಗಂಡನ ಮೇಲೆ ಎಂಥಾ ಭಕ್ತಿ! ಪಕ್ಕದ ಮನೆಯ ವೆಂಕಟರವಣಪ್ಪ ಕಣ್ಣೊರೆಸಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಥೂ, ಸತ್ತ ಮೇಲೂ ಅವನ ಕಾಲಿಗೇ ಬೀಳ್ತೀಯಲ್ಲ ಅಂತ ಅಮ್ಮನ ಮುಖಕ್ಕೇ ಅಂದೆ. ಅವಳು ಗೋಡೆ ನೋಡುತ್ತ ಕೂತಿದ್ದಳು.

ನಾಮಕರಣದ ಬೆಳಿಗ್ಗೆ ಪ್ರಿಯಾಂಕ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನನ್ನದು.

"ಅಕ್ಕ, ಅವ್ರು ಅಕ್ಕಿ ಮೇಲೆ ಏನಾದ್ರೂ ಬರ್ಕೊಳ್ಳಿ. ಕಿವೀಲಿ ಹೇಳೋದು ನೀವು. ನೀವು ನಾನ್ ತಂದ ಹೆಸ್ರೇ ಹೇಳಿ. ಆ ಮನುಷ್ಯನ ಹೆಸ್ರು ನನ್ ಮಗುಗೆ ಬೇಡ. ಅತ್ತೆ ಕೈ ನೋಡಿದ್ರೇ ನಂಗೆ ಭಯ ಆಗ್ತದೆ."

"ಹೇಳ್ತೀನಿ ಕಣೇ. ನನ್ ಮೇಲೆ ಆಣೆ" ಅಂದೆ. ಮನಸ್ಸಿಟ್ಟೇ ಅಂದೆ.

ಮನೆ ಮುಂದೆ ಶಾಮಿಯಾನ, ಹೂ ಸುತ್ತಿದ ತೊಟ್ಟಿಲು, ನೂರು ಜನ. ಪುರೋಹಿತರು ತಟ್ಟೆಯಲ್ಲಿ ಅಕ್ಕಿ ಹರಡಿ ತಮ್ಮನ ಕೈಗೆ ಅರಿಶಿನದ ಕೊಂಬು ಕೊಟ್ಟರು. ಅವನು ಅಕ್ಕಿಯ ಮೇಲೆ ‘ಚೆನ್ನರಾಯ’ ಅಂತ ಬರೆದ. ಬರೆದು ಮುಗಿಸಿ ತಲೆಯೆತ್ತುವುದರೊಳಗೆ ಪ್ರಿಯಾಂಕ ಅಂಗೈಯಿಂದ ಅದನ್ನು ಅಳಿಸಿಬಿಟ್ಟಳು. ಅಳಿಸಿ ತನ್ನ ಬೆರಳಿನಿಂದಲೇ ‘ಕ್ರಿ’ ಅಂತ ಬರೆದಳು.

ತಮ್ಮ ಕೂತ ಜಾಗದಿಂದಲೇ ಬಾರಿಸಿದ. ಆ ಸದ್ದಿಗೆ ವಾದ್ಯದವರು ನಿಲ್ಲಿಸಿದರು.

"ಏನೇ? ಜನದ ಮುಂದೆ ನನ್ ಮಾನ ತೆಗೀತೀಯಾ? ನಮ್ಮಪ್ಪನ ಹೆಸ್ರು ಅಳಿಸ್ತೀಯಾ?" ಇನ್ನೊಂದು ಬಿತ್ತು. ಪ್ರಿಯಾಂಕಳ ಮೂಗಿನಿಂದ ರಕ್ತ ಇಳಿದು ಅಕ್ಕಿಯ ತಟ್ಟೆಗೆ ಬಿತ್ತು.

ಅವಳ ಅಣ್ಣ ಮೋಹನ್‌ಬಾಬು ಕುರ್ಚಿ ಒದ್ದು ಬಂದ. "ನನ್ ತಂಗಿ ಮೇಲೆ ಕೈ ಮಾಡ್ತೀಯೇನೋ ನಾಯಿ" ಅಂತ ತಮ್ಮನ ಕತ್ತಿನಪಟ್ಟಿ ಹಿಡಿದ. ತಮ್ಮನ ಕೈಗೆ ಹಿತ್ತಾಳೆ ತಂಬಿಗೆ ಸಿಕ್ಕಿತು. ಅದರ ಅಂಚು ಮೋಹನ್‌ಬಾಬುವಿನ ಬಾಯಿಗೆ ಬಡಿಯಿತು, ಎರಡು ಹಲ್ಲು ಅಲ್ಲೇ ಚಾಪೆಯ ಮೇಲೆ ಬಿದ್ದವು. ಆಮೇಲೆ ಯಾರು ಯಾರಿಗೆ ಹೊಡೆದರೋ ದೇವರಿಗೇ ಗೊತ್ತು. ಚಿಂತಾಮಣಿಯವರು ಕುರ್ಚಿ ಎತ್ತಿದರು, ನಮ್ಮವರು ಶಾಮಿಯಾನದ ಗಳ ಕಿತ್ತರು. ತಮ್ಮನ ಹುಬ್ಬು ಸೀಳಿತು. ಯಾರೋ ಸಾರಿನ ಹಂಡೆಯನ್ನೇ ಒದ್ದರು. ಪುರೋಹಿತರು ಚೀಲ ಎತ್ತಿಕೊಂಡು ತುಳಸಿಕಟ್ಟೆಯ ಹಿಂದೆ ನಿಂತರು.

ತೊಟ್ಟಿಲ ಪಕ್ಕ ಅಮ್ಮ ಒಬ್ಬಳೇ ಅಲ್ಲಾಡದೆ ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು. "ಕೊಂಡಾ, ಹೇಳಮ್ಮ. ನಾನು ನಿನ್ನ ಏನೂ ಕೇಳಿದೋಳಲ್ಲ. ಇದೊಂದು ಕೇಳ್ತಿದೀನಿ" ಅಂದಳು.

ನಿಜವೇ. ಅವಳು ಯಾರನ್ನೂ ಏನೂ ಕೇಳಿದವಳಲ್ಲ. ಇಷ್ಟು ವರ್ಷ ತಿಂದ ಏಟಿಗೆ ಬದಲಾಗಿ ಇದೊಂದನ್ನು ಕೊಟ್ಟರೆ ತಪ್ಪೇನು ಅನ್ನಿಸಿತು. ಇತ್ತ ಗಳಗಳು ಗಾಳಿಯಲ್ಲಿ ಆಡುತ್ತಿದ್ದವು, ಹೆಸರು ಇಟ್ಟಾಯಿತು ಅಂದರೆ ಹೊಡೆದಾಟವಾದರೂ ನಿಲ್ಲುತ್ತದೆ ಅನ್ನಿಸಿತು. ಮಗುವನ್ನು ಎತ್ತಿಕೊಂಡೆ. ಮೂರು ಸಲ ಅದರ ಕಿವಿಯಲ್ಲಿ ಕೂಗಿ ಹೇಳಿದೆ: ಚೆನ್ನರಾಯ, ಚೆನ್ನರಾಯ, ಚೆನ್ನರಾಯ. ಎಲ್ಲರೂ ತಿರುಗಿ ನೋಡಿದರು. ಪ್ರಿಯಾಂಕ ಮೂಗಿಗೆ ಸೆರಗು ಒತ್ತಿಕೊಂಡು ನನ್ನನ್ನು ನೋಡಿದ ನೋಟ, ಅಯ್ಯೋ, ಅದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಅದಾಗಿ ಎರಡು ತಿಂಗಳಿಗೆ ಪ್ರಿಯಾಂಕಳ ಫೋನು ಬಂತು. ಮಾತು ತೊದಲುತ್ತಿತ್ತು, ತುಟಿ ಊದಿದವರ ಮಾತಿನ ಹಾಗೆ.

"ಅಕ್ಕ, ಮಗು ತೊಡೆ ಮೇಲೆಲ್ಲ ನೀಲಿ ಕಟ್ಟಿದೆ. ಬೆನ್ನ ಮೇಲೂ ಇದೆ. ಹೆಸ್ರಿನ ಸಿಟ್ಟಿಗೆ ನಾನೇ ಚಿವುಟ್ತೀನಿ ಅಂತ ನಿಮ್ ತಮ್ಮ ದಿನಾ ಹೊಡೀತಾರೆ. ದೇವ್ರಾಣೆ ನಾನಲ್ಲ ಅಕ್ಕ."

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ಗೌರಿಬಿದನೂರು, ಅಲ್ಲಿಂದ ನಗರಗೆರೆ. ಮೂರು ಬಸ್ಸು ಬದಲಾಯಿಸುವಷ್ಟೂ ಹೊತ್ತು ಹಲ್ಲು ಕಚ್ಚಿಕೊಂಡಿದ್ದೆ. ಕುಡಿದು ಬಂದು ತಮ್ಮನೇ ಮಗುವಿನ ಮೇಲೂ ಕೈ ಮಾಡಿರಬೇಕು, ತಪ್ಪು ಹೆಂಡತಿಯ ತಲೆಗೆ ಕಟ್ಟುತ್ತಿದ್ದಾನೆ, ಇವತ್ತು ಅವನ ಕೈ ಮುರಿಯದಿದ್ದರೆ ನಾನು ಕೊಂಡಮ್ಮನೇ ಅಲ್ಲ ಅಂದುಕೊಂಡೇ ಹೋದೆ.

ತಮ್ಮ ಕಂಪನಿಯಲ್ಲಿದ್ದ. ಪ್ರಿಯಾಂಕ ಬಾಗಿಲು ತೆರೆದಳು. ಒಂದು ಕಣ್ಣು ಪೂರ್ತಿ ಮುಚ್ಚಿಕೊಂಡಿತ್ತು. ಮಗುವಿನ ಬಟ್ಟೆ ಬಿಚ್ಚಿ ತೋರಿಸಿದಳು. ತೊಡೆಯ ಒಳಭಾಗದಲ್ಲಿ, ಯಾರಿಗೂ ಕಾಣದ ಕಡೆ, ಉಗುರಿನ ಗುರುತುಗಳು. ಕೆಲವು ಹಳದಿಗೆ ತಿರುಗಿದ್ದವು, ಕೆಲವು ನಿನ್ನೆಯವು. ಐದು ತಿಂಗಳ ಕೂಸು!

ಊಟವಾದ ಮೇಲೆ ಪ್ರಿಯಾಂಕ ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದಳು. ನಾನು ಅವಳ ಜೊತೆ ಹೋದವಳು ಸೋಪು ಮರೆತು ವಾಪಸ್ಸು ಬಂದೆ. ನಡುಮನೆಯಲ್ಲಿ ಮಗು ಕಿಟಾರನೆ ಚೀರಿತು. ಆ ಚೀರಾಟದ ನಡುವೆ ಅಮ್ಮನ ದನಿ. ನಮ್ಮ ಮನೆಯಲ್ಲಿ ಮಾತು ಕನ್ನಡವಾದರೂ ಬೈಗುಳ ತೆಲುಗು.

"ಕೊಟ್ಟರಾ ಚೆನ್ನರಾಯುಡಾ! ಇಪ್ಪುಡು ಕೊಟ್ಟು ಚೂದ್ದಾಂ!"

ಹೊಡಿಯೋ ಚೆನ್ನರಾಯ, ಈಗ ಹೊಡಿ ನೋಡೋಣ. ಅಮ್ಮ ಮಗುವನ್ನು ಚಾಪೆಯ ಮೇಲೆ ಅಂಗಾತ ಹಾಕಿ ಅದರ ಮೇಲೆ ಬಗ್ಗಿದ್ದಳು. ಸೊಟ್ಟ ಎಡಗೈಯಲ್ಲಿ ಅದರ ಎರಡೂ ಕೈ ಅದುಮಿ ಹಿಡಿದು ಬಲಗೈ ಉಗುರನ್ನು ತೊಡೆಗೆ ನೆಟ್ಟಿದ್ದಳು. "ಚೆನ್ನರಾಯಾ, ಲೋ ಚೆನ್ನರಾಯಾ" ಅನ್ನುತ್ತಿದ್ದಳು. ಒಂದೊಂದು ಸಲ ಹೆಸರು ಹೇಳಿದಾಗಲೂ ಒಂದು ಚಿವುಟು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಭಕ್ತಿಯಂತೆ ಭಕ್ತಿ! ಹೆಸರು ಬೇಕಾಗಿದ್ದದ್ದು ಇದಕ್ಕೆ.

ಹಾರಿ ಹೋಗಿ ಮಗುವನ್ನು ಕಿತ್ತುಕೊಂಡೆ. ಕಿತ್ತುಕೊಂಡ ಕೈ ಅಲ್ಲಿಗೇ ನಿಲ್ಲಲಿಲ್ಲ. ಅಮ್ಮನ ಕೆನ್ನೆಗೆ ಬಾರಿಸಿದೆ. ಒಂದಲ್ಲ, ಎರಡು. ಅವಳು ಕೂಗಲಿಲ್ಲ. ತಕ್ಷಣ ಗೋಡೆಗೆ ಸರಿದು, ಮಂಡಿ ಮಡಚಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮೂರನೆಯದಕ್ಕೆ ಕಾದಳು. ನನ್ನ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ಥೂ ನನ್ನ ಜನ್ಮಕ್ಕೆ, ನಾನೂ ಅವನ ಮಗಳೇ.

"ಮಗೂನ ಹೊಡೀಲಿಲ್ಲ ಕಣೇ ಕೊಂಡಾ" ಅಂದಳು ಕೈಯ ಸಂದಿಯಿಂದ. "ಅವನ್ನ ಹೊಡ್ದೆ. ಮಗು ಅಂತ ಆಮೇಲೆ ಗೊತ್ತಾಗ್ತದೆ. ಗೊತ್ತಾದಾಗ ಅಳ್ತೀನಿ. ಮತ್ತೆ ಯಾರಾದ್ರೂ ಆ ಹೆಸ್ರು ಕೂಗಿದ್ರೆ ಮತ್ತೆ ಕೈ ಹೋಗ್ತದೆ."

ಚೀರಾಟ ಕೇಳಿ ಪ್ರಿಯಾಂಕ ಒದ್ದೆ ಕೈಯಲ್ಲೇ ಓಡಿ ಬಂದು ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡಳು. ಅದೇ ಹೊತ್ತಿಗೆ ಮೊದಲ ಪಾಳಿ ಮುಗಿಸಿದ ತಮ್ಮ ಹೊಸ್ತಿಲಲ್ಲಿ ನಿಂತಿದ್ದ. ಅಮ್ಮನ ಕೆನ್ನೆಯ ಮೇಲೆ ಬೆರಳ ಗುರುತು ಕಂಡ. ಕೇಳುವುದೂ ಇಲ್ಲ, ಗೀಳುವುದೂ ಇಲ್ಲ. ಪ್ರಿಯಾಂಕಳ ಜುಟ್ಟು ಹಿಡಿದು ಗೋಡೆಗೆ ಗುದ್ದಿದ. ಮಗು ಅವಳ ಕಂಕುಳಲ್ಲೇ ಇತ್ತು.

"ಬಿಡೋ! ಹೊಡ್ದೋಳು ನಾನು ಕಣೋ!" ಅಂದೆ. ಕೇಳಿದರೆ ತಾನೇ? ಮತ್ತೆ ಗುದ್ದಿದ. ಒಲೆಯ ಪಕ್ಕ ಮುದ್ದೆ ಕೋಲು ಇತ್ತು. ತೆಗೆದುಕೊಂಡು ಅವನ ಮಣಿಕಟ್ಟಿನ ಮೇಲೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಬಿಟ್ಟೆ. ಲಟಕ್ ಅಂದಿತು. ಜುಟ್ಟು ಬಿಟ್ಟು ಕೈ ಹಿಡಿದುಕೊಂಡು ಕುಸಿದು ಕೂತ, ಬೆವರು ಸುರಿಯುತ್ತಿತ್ತು.

"ಅಮ್ಮಾ," ಅಂದ ಹಲ್ಲು ಕಚ್ಚಿ, "ಯಾರು ಹೊಡ್ದಿದ್ದು ನಿಂಗೆ? ಹೇಳು, ಯಾರು?"

ಅಮ್ಮ ತಲೆಯ ಮೇಲಿನ ಕೈ ಇಳಿಸಿದಳು. ಮಗನ ಮುಖವನ್ನೇ ನೋಡುತ್ತ, ರೇಷನ್ ಅಂಗಡಿಯವನಿಗೆ ಒಂದು ದಿನವೂ ಹೇಳದ ಹೆಸರನ್ನು ಸ್ಪಷ್ಟವಾಗಿ ಹೇಳಿದಳು.

"ಚೆನ್ನರಾಯ ಹೊಡ್ದ ಕಣೋ. ನಲವತ್ತೊಂದು ವರ್ಷ ಹೊಡ್ದ. ನೀನು ನೋಡ್ತಿದ್ದೆ."

ಪ್ರಿಯಾಂಕ ಗೋಡೆಗೊರಗಿ ನಿಂತಿದ್ದಳು, ಹಣೆಯ ರಕ್ತ ಮಗುವಿನ ಕೂದಲಿಗೆ ಇಳಿಯುತ್ತಿತ್ತು. ಅಮ್ಮ ಅವಳ ಕಡೆ ತಿರುಗಿದಳು.

"ಎತ್ಕೊಂಡು ಹೋಗಮ್ಮ. ನಿಮ್ಮಮ್ಮನ ಮನೆಗೆ ಹೋಗು. ನನ್ ಕೈಗೂ ಕೊಡ್ಬೇಡ, ಇವನ ಕೈಗೂ ಕೊಡ್ಬೇಡ."

"ನೀನೂ ಬಾರಮ್ಮ. ನನ್ನ ಜೊತೆ ಶಿಡ್ಲಘಟ್ಟಕ್ಕೆ ಬಾ" ಅಂತ ನಾನು ಕೈ ಹಿಡಿದು ಎಳೆದೆ. ಬಿಡಿಸಿಕೊಂಡಳು.

"ಮಗು ಇರೋ ಬಸ್ಸು ನಾನು ಹತ್ತಲ್ಲ" ಅಂದಳು. ಆಮೇಲೆ ಮಗನ ಪಕ್ಕ ಕೂತು, ಮುರಿದ ಕೈಗೆ ಕಟ್ಟಲು ತನ್ನ ಹಳೇ ಸೀರೆ ಹರಿಯತೊಡಗಿದಳು.

ನಾಲ್ಕು ಗಂಟೆಯ ಬಸ್ಸು ಸಿಕ್ಕಿತು. ಪ್ರಿಯಾಂಕಳ ಹಣೆಗೆ ನನ್ನ ಕರ್ಚೀಫು ಕಟ್ಟಿದ್ದೆ. ಆಣೆ ಹಾಕಿ ಮುರಿದವಳು ನಾನು, ಏನಂತ ಮಾತಾಡಲಿ? ಗೌರಿಬಿದನೂರು ಬರುವ ಹೊತ್ತಿಗೆ ಮಗು ಎದ್ದು ಎದುರು ಸೀಟಿನ ಮುದುಕಿಯನ್ನು ನೋಡಿ ನಕ್ಕಿತು. ಮುದುಕಿಯ ಮಡಿಲಲ್ಲಿ ಸೊಪ್ಪಿನ ಬುಟ್ಟಿ. ಅವಳು ಅದರ ಗಲ್ಲ ಮುಟ್ಟಿ "ಬಂಗಾರ, ಏನಮ್ಮ ಹೆಸ್ರು?" ಅಂದಳು.

ಪ್ರಿಯಾಂಕ ನನ್ನನ್ನು ನೋಡಲಿಲ್ಲ.

"ಇನ್ನೂ ಇಟ್ಟಿಲ್ಲ ಅಜ್ಜಿ" ಅಂದಳು.

"ಅಯ್ಯೋ, ಇಷ್ಟು ತಿಂಗ್ಳಾದ್ರೂ ಇಟ್ಟಿಲ್ವಾ? ಯೋಚ್ನೆ ಏನಕ್ಕಮ್ಮ, ತಾತನ ಹೆಸ್ರು ಇಟ್ಬಿಡು. ಹಿರೀರು ಮಗೂನ ಕಾಯ್ತಾರೆ."

ಪ್ರಿಯಾಂಕ ಮಗುವಿನ ತೊಡೆಯ ಮೇಲಿನ ಬಟ್ಟೆ ಎಳೆದು ಮುಚ್ಚಿ, ಅದನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು.