ತಾಯಿಯ ತವರಿನ ಹೆಸರು

ಪುಣೆಯ ಹೆಂಗಸೊಬ್ಬಳು ನನ್ನ ತಂಗಿ ನಿಂಗವ್ವನಿಗೆ ಫೋನಿನಲ್ಲಿ ಬೈದದ್ದು ಬುಧವಾರ. ನನಗೆ ತಿಳಿದದ್ದು ಶುಕ್ರವಾರ. ನಡುವಿನ ಎರಡು ದಿನ ತಂಗಿ ಅದನ್ನು ರಾಂಗ್ ನಂಬರ್ ಎಂದುಕೊಂಡು ಸುಮ್ಮನಿದ್ದಳು. ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿ ಮೂವತ್ತು ವರ್ಷ ಬಾಳಿದವಳಿಗೆ ಮರಾಠಿ ಕನ್ನಡದಷ್ಟೇ ಸಲೀಸು. ಆದ್ದರಿಂದ ಬೈಗುಳಗಳು ಒಂದೂ ಸೋರಿಹೋಗದೆ ತಲುಪಿದ್ದವು. ಕಾರಣವೊಂದು ಮಾತ್ರ ತಲುಪಿರಲಿಲ್ಲ.

"ಪೈಸೆ ಘೇತಲೆ, ಗೋಧಡಿ ಕುಠೇ ಆಹೆ ಅಂತ ಕೇಳತಾಳಣ್ಣಾ," ಎಂದಳು ತಂಗಿ. "ರೊಕ್ಕ ತಗೊಂಡೀರಿ, ಕೌದಿ ಎಲ್ಲಿ ಅಂತ. ನಾ ಯಾರ ರೊಕ್ಕ ತಗೊಂಡೀನಿ? ಇವತ್ತ ಮತ್ತೊಬ್ಬಾಂವ ಮಾಡಿದ್ದ. ಅಂವಾ ಹಿಂದಿಯೊಳಗ ಬೈದ."

"ಸಮೃದ್ಧಿ ಎಲ್ಲಿ?"

"ಬಾಜು ಕುಂತಾಳ. ಅನ್ನ ಬಿಟ್ಟಾಳ."

ಸಮೃದ್ಧಿ ನಿಂಗವ್ವನ ಮಗಳು, ಇಪ್ಪತ್ತೈದರವಳು. ತಾಯಿ ಮತ್ತು ಓಣಿಯ ನಾಲ್ವರು ಹೆಂಗಸರು ಹಳೆಯ ಸೀರೆಗಳನ್ನು ಪದರಿಟ್ಟು ಹೊಲಿಯುವ ಕೌದಿಗಳನ್ನು ಅವಳು ಎರಡು ವರ್ಷದಿಂದ, ಅಂದರೆ ೨೦೦೪ರಿಂದ, ಇಂಟರ್ನೆಟ್ಟಿನ ಒಂದು ಅಂಗಡಿಯಲ್ಲಿ ಮಾರುತ್ತಿದ್ದಳು. ವಾರಕ್ಕೆರಡು ಸಲ ಖಾನಾಪುರಕ್ಕೆ ಬಂದು, ಗುರುಸಿದ್ದನ ಸೈಬರ್ ಕೆಫೆಯಲ್ಲಿ ಕುಳಿತು ಫೋಟೊ ಏರಿಸಿ, ಕೇಳಿದವರಿಗೆ ಉತ್ತರ ಬರೆದು ಹೋಗುತ್ತಿದ್ದಳು. ಕೊಂಡವರು ಅವಳ ಹೆಸರಿನ ಕೆಳಗೆ ಎರಡು ಸಾಲು ಅಭಿಪ್ರಾಯ ಬರೆಯುವ ರೂಢಿ. ನೂರಾ ಹದಿಮೂರು ಮಂದಿ ಬರೆದಿದ್ದರು, ಒಂದೂ ಕೆಟ್ಟದ್ದಿರಲಿಲ್ಲ. ನನ್ನ ಎರಡು ಕವನಸಂಕಲನಗಳಿಗೆ ಸೇರಿ ಅಷ್ಟು ಮಂದಿ ಬರೆದಿಲ್ಲ. ಮುಖ ಕಾಣದವನ ಕೈಯಿಂದ ಕೌದಿ ಕೊಳ್ಳುವವನಿಗೆ ಆ ಸಾಲುಗಳೇ ಆಧಾರ. ಅವಳ ಬಂಡವಾಳವೆಂದರೆ ಅದೇ.

ಆ ಖಾತೆ ತೆರೆದ ದಿನ ಇಂಗ್ಲಿಷ್ ಬಲ್ಲ ಹಿರಿಯನೆಂದು ನನ್ನನ್ನು ಕರೆದಿದ್ದರು. ಮೊದಲು ಇ-ಮೇಲ್ ಮಾಡಿಸಬೇಕಿತ್ತು. ಪಾಸ್‌ವರ್ಡ್ ಮರೆತರೆ ಒಳಹೋಗಲು ಒಂದು ಗುಟ್ಟಿನ ಪ್ರಶ್ನೆಯನ್ನು ಆರಿಸಿಕೊಳ್ಳಿ ಎಂದಿತು ಯಂತ್ರ. ಸಾಕಿದ ಪ್ರಾಣಿಯ ಹೆಸರು, ಮೊದಲ ಶಿಕ್ಷಕರ ಹೆಸರು, ತಾಯಿಯ ತವರಿನ ಹೆಸರು. ಅವರ ಎಮ್ಮೆಯನ್ನು ಮನೆಯವರು ತಲೆಗೊಂದು ಹೆಸರಿನಿಂದ ಕರೆಯುತ್ತಿದ್ದರು. ಮೊದಲ ಶಿಕ್ಷಕರ ಹೆಸರು ಅವಳಿಗೆ ನೆನಪಿರಲಿಲ್ಲ.

"ತಾಯಿಯ ತವರು ಹಾಕವ್ವ," ಎಂದಿದ್ದೆ ನಾನು. "ಅದನ್ನ ಯಾರೂ ಮರಿಯೂದಿಲ್ಲ."

ಅವಳ ತಾಯಿಯ ತವರೆಂದರೆ ನನ್ನ ಮನೆ. ಹಣ್ಣಿಕೇರಿ ಎಂಬ ನಮ್ಮ ಮನೆತನದ ಹೆಸರನ್ನು ಸೋದರ ಸೊಸೆಯ ಬೆರಳುಗಳು ಒಂದೊಂದೇ ಅಕ್ಷರವಾಗಿ ಒತ್ತುವುದನ್ನು ನೋಡಿ ನಾನು ಹಿಗ್ಗಿದ್ದೆ.

ಶನಿವಾರ ಬೆಳಿಗ್ಗೆ ಬೆಳಗಾವಿಯಿಂದ ಬಸ್ಸು ಹಿಡಿದು ಖಾನಾಪುರಕ್ಕೆ ಹೋದೆ. ಸಮೃದ್ಧಿ ಆಗಲೇ ಕೆಫೆಯಲ್ಲಿದ್ದಳು. ಪಾಸ್‌ವರ್ಡ್ ಕೊಟ್ಟಳು, ತಪ್ಪು ಎಂದಿತು. ಮೂರು ಸಲ ಕೊಟ್ಟಳು. ಮೂರು ಸಲವೂ ತಪ್ಪು. ಇ-ಮೇಲ್ ಕೂಡ ತೆರೆಯಲಿಲ್ಲ. ಕೊನೆಗೆ ಯಾರೋ ದಾರಿಹೋಕಳಂತೆ ತನ್ನ ಅಂಗಡಿಯನ್ನು ತಾನೇ ಹೊರಗಿನಿಂದ ನೋಡಿದಳು. ಅವಳು ತೆಗೆದ ಫೋಟೊಗಳೇ ಅಲ್ಲಿದ್ದವು. ಎಂದೋ ಮಾರಿಹೋಗಿದ್ದ ಒಂದೇ ಒಂದು ಕೆಂಪು ಅಂಚಿನ ಕೌದಿಯನ್ನು ಅರ್ಧ ಬೆಲೆಗೆ ಒಂಬತ್ತು ಮಂದಿಗೆ ಮಾರಲಾಗಿತ್ತು. ನೂರಾ ಹದಿಮೂರು ಒಳ್ಳೆಯ ಮಾತುಗಳ ಮೇಲೆ, ಹೊಸದಾಗಿ, ಒಂಬತ್ತು ಸಾಲುಗಳು ಕೂತಿದ್ದವು. ಮೋಸಗಾತಿ ಎಂಬ ಮಾತು ನಾಲ್ಕರಲ್ಲಿತ್ತು.

ಅಂಗಡಿಯ ಕಂಪನಿಗೆ ಎಸ್‌ಟಿಡಿ ಮಾಡಿದೆವು. ಹದಿನೆಂಟು ನಿಮಿಷ ವಾದ್ಯಸಂಗೀತ ಕೇಳಿಸಿದ ಮೇಲೆ ಒಬ್ಬ ತರುಣಿ ಬಂದಳು. ಅವಳ ಇಂಗ್ಲಿಷು ಇಸ್ತ್ರಿ ಮಾಡಿದ ಬಟ್ಟೆಯಂತಿತ್ತು. ನಾನು ನಡೆದದ್ದನ್ನೆಲ್ಲ ವಿವರಿಸಿದೆ. ಅಂಗಡಿಯ ಖಾತೆಗೂ ಅದೇ ಗುಟ್ಟಿನ ಪ್ರಶ್ನೆಯನ್ನು ಇಟ್ಟಿದ್ದೆವು; ಅವಳು ಶಾಂತವಾಗಿ ಅದನ್ನೇ ಕೇಳಿದಳು: ತಾಯಿಯ ತವರಿನ ಹೆಸರು?

"ಹಣ್ಣಿಕೇರಿ."

"ಕ್ಷಮಿಸಿ ಸರ್, ಉತ್ತರ ಹೊಂದುತ್ತಿಲ್ಲ."

"ಅದು ನನ್ನ ಮನೆತನ. ನಾನು ಆ ತಾಯಿಯ ಅಣ್ಣ."

"ನಮ್ಮ ದಾಖಲೆಯಲ್ಲಿ ಬೇರೆ ಇದೆ ಸರ್."

ಕದ್ದವನು ಒಳಗೆ ಹೊಕ್ಕು, ಹಣ ತನಗೆ ಬರುವಂತೆ ಮಾಡಿಕೊಂಡು, ಉತ್ತರವನ್ನೂ ಬದಲಿಸಿದ್ದ. ಅರವತ್ತೆಂಟು ವರ್ಷ ನಾನು ಹೊತ್ತ ಹೆಸರು ಸುಳ್ಳಾಗಿತ್ತು. ಅವನು ಬರೆದ ಯಾವುದೋ ಒಂದು ಶಬ್ದ ನನ್ನ ತಂಗಿಯ ತವರಾಗಿತ್ತು. ಗುರುತಿನ ಪತ್ರಗಳನ್ನು ಫ್ಯಾಕ್ಸ್ ಮಾಡಿ, ಹದಿನೈದು ಕೆಲಸದ ದಿನ ಕಾಯಿರಿ ಎಂದು ಹೇಳಿ, ಇನ್ನೇನಾದರೂ ಸಹಾಯ ಬೇಕೆ ಎಂದು ಕೇಳಿದಳು. ಮೊದಲು ಯಾವ ಸಹಾಯ ಮಾಡಿ ‘ಇನ್ನೇನಾದರೂ’ ಎನ್ನುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ.

ಕೌಂಟರಿನಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಗುರುಸಿದ್ದ ಎದ್ದು ಬಂದ. ಅವನು ಮದುವೆಗೆ ಹೆಣ್ಣು ನೋಡುತ್ತಿದ್ದ ಮೂವತ್ತೆರಡರ ಗಂಡಸು, ಲೆಕ್ಕಕ್ಕಿಂತ ಹೆಚ್ಚು ಮಾತನಾಡದವನು.

"ಸರ, ಈ ತಿಂಗಳದಾಗ ಇದು ಮೂರನೇದು. ಬೀಡಿ ಹುಡುಗ ಒಬ್ಬಾಂವ, ಇಲ್ಲೇ ಸ್ಟೇಶನ್ ರೋಡಿನಾಕಿ ಒಬ್ಬಾಕಿ. ಅವರದೂ ಇ-ಮೇಲ್ ಹೋದವು. ಮೂರೂ ಮಂದಿ ಒಂದ ಪುಸ್ತಕದಾಗ ಅದಾರ."

"ಯಾವ ಪುಸ್ತಕ?"

ಅವನು ಡ್ರಾಯರಿನಿಂದ ನಮ್ಮ ಸಮಾಜದ ವಧು-ವರ ಪರಿಚಯ ಪುಸ್ತಿಕೆಯನ್ನು ತೆಗೆದಿಟ್ಟ. ಹೊದಿಕೆಯ ಒಳಪುಟದಲ್ಲಿ ಸಂಪಾದಕನೆಂದು ನನ್ನ ಹೆಸರಿತ್ತು. ಇನ್ನೂರಾ ಆರನೆಯ ಕ್ರಮಾಂಕ ಸಮೃದ್ಧಿಯದು. ಹುಟ್ಟಿದ ದಿನ, ಹುಟ್ಟಿದ ಗಳಿಗೆ, ಪದವಿ, ಉದ್ಯೋಗ, ಇ-ಮೇಲ್, ಮನೆಯ ಫೋನು. ಹತ್ತನೆಯ ಕಲಮು: ತಾಯಿಯ ತವರು, ಹಣ್ಣಿಕೇರಿ, ಶಿವಬಸವ ನಗರ, ಬೆಳಗಾವಿ.

"ಪಾಸ್‌ವರ್ಡ್ ಮರತೀನಿ ಅಂದ್ರ ಇ-ಮೇಲ್ ಎರಡ ಕೇಳತೈತಿ ಸರ. ಹುಟ್ಟಿದ ತಾರೀಕು, ಗುಟ್ಟಿನ ಉತ್ತರ. ಎರಡೂ ಇಲ್ಲೇ ಅದಾವ. ಇ-ಮೇಲ್ ಕೈಗೆ ಬಂತಂದ್ರ ಅಂಗಡಿ ಪಾಸ್‌ವರ್ಡ್ ಅದರಾಗ ತಾನ ಬಂದ ಬೀಳತೈತಿ." ಅವನು ಪುಸ್ತಿಕೆಯನ್ನು ನನ್ನತ್ತ ತಿರುಗಿಸಿದ. "ಕದ್ದಾಂವ ಕೀಲಿ ಮುರದಿಲ್ಲರಿ. ಕೀಲಿಕೈ ನೀವ ಅಚ್ಚ ಹಾಕಿಸಿ ಹಂಚೀರಿ."

ಸಮೃದ್ಧಿ ಪುಟವನ್ನೇ ನೋಡುತ್ತಿದ್ದಳು. ನನ್ನತ್ತ ನೋಡಲಿಲ್ಲ.

ನಾನೂರಾ ಹನ್ನೆರಡು ಮನೆಗಳ ಮಕ್ಕಳು ಆ ಪುಸ್ತಿಕೆಯಲ್ಲಿದ್ದಾರೆ. ಇ-ಮೇಲ್ ಕಲಮನ್ನು ಖಾಲಿ ಬಿಟ್ಟವರಿಗೆ ನಾನೇ ಕಾರ್ಡು ಬರೆದು ಭರ್ತಿ ಮಾಡಿಸಿದ್ದೆ. ಒಂದು ಕಲಮೂ ಬರಿದಿಲ್ಲದ ಪುಸ್ತಿಕೆಯೆಂದು ಬಿಡುಗಡೆಯ ಸಭೆಯಲ್ಲಿ ಚಪ್ಪಾಳೆಯಾಗಿತ್ತು. ಹೇಳದೆ ಬಿಟ್ಟದ್ದರಲ್ಲೇ ಕವಿತೆಯ ಪ್ರಾಣವಿದೆ ಎಂದು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನು ನಾನು.

ಸೋಮವಾರ ಪುಸ್ತಿಕೆ ಹೊರತಂದ ಸಮಿತಿಯ ಅಧ್ಯಕ್ಷ ಸಿದ್ದಪ್ಪನವರ ಮನೆಗೆ ಹೋದೆ. ನಮ್ಮ ಶಿವಬಸವ ನಗರದಲ್ಲೇ, ಎರಡು ಗಲ್ಲಿಯಾಚೆ ಅವರಿರುವುದು. ಕಬ್ಬಿಣದ ವ್ಯಾಪಾರ; ಮಾತೂ ಅದೇ ತೂಕದ್ದು.

"ಬರ್ರಿ ಸರ, ಕುಂದರ್ರಿ. ಪುಸ್ತಕ ಎರಡನೇ ಆವೃತ್ತಿ ಮಾಡೂಣು ಅಂತಾರ ಎಲ್ಲಾರೂ."

ನಾನು ನಡೆದದ್ದನ್ನು ಹೇಳಿದೆ. ಎಲ್ಲ ಮನೆಗಳಿಗೂ ಸಮಿತಿಯಿಂದ ಎಚ್ಚರಿಕೆಯ ಪತ್ರ ಹೋಗಬೇಕು, ಹತ್ತನೆಯ ಕಲಮನ್ನು ಮುಂದೆ ಕೈಬಿಡಬೇಕು ಎಂದೆ.

"ಪುಸ್ತಕದಾಗ ಏನರ ತಪ್ಪ ಐತೇನ್ರಿ?"

"ಇಲ್ಲ. ಎಲ್ಲಾ ಖರೇ ಐತಿ. ತೊಂದರೆ ಅದಽ."

"ಸರ, ನೀವು ಕವಿಗಳು. ನಿಮ್ಮ ಮಾತು ನನಗ ಮೊದಲಿಂದ ತಿಳಿಯೂದಿಲ್ಲ." ಅವರು ಚಹಾದ ಬಸಿಯನ್ನು ನನ್ನತ್ತ ಸರಿಸಿದರು. "ತಾಯಿ ತವರು ಮುಚ್ಚಿಟ್ಟರ ಹೆಣ್ಣ ಕೊಡವರು ಯಾರು? ಆ ಮನ್ಯಾಗ ಏನೋ ಐತಿ ಅಂತಾರ. ತವರಂದ್ರ ಊರ ಮುಂದ ಹೇಳೂ ಮಾತು. ಅದನ್ನ ಗುಟ್ಟ ಅಂತ ಇಟ್ಟಾಂವ ಯಾವ ಶಾಣ್ಯಾ?"

ಆ ಜಾಣ ನಾನೇ ಎಂದು ಹೇಳುವಷ್ಟು ಧೈರ್ಯ ಬರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಆ ಪ್ರಶ್ನೆಯನ್ನು ರಚಿಸಿದವರ ದೇಶದಲ್ಲಿ ತಾಯಿಯ ತವರು ಹೊರಗಿನವರು ಮರೆತುಬಿಡುವ ಸಂಗತಿಯಿರಬಹುದು. ನಮ್ಮಲ್ಲಿ ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಅದನ್ನು ಕೇಳುತ್ತೇವೆ.

ದೂರು ಕೊಡಲು ಹೋದರೆ ಠಾಣೆಯ ಹವಾಲ್ದಾರ, ಕಳುವಾದದ್ದು ಕೌದಿಯೇ ಎಂದು ಕೇಳಿದ. ಅಲ್ಲ, ಹೆಸರು ಎಂದೆ. ಅವನು ಪೆನ್ನಿನ ಟೋಪಿ ಹಾಕಿದ.

ಸಮಿತಿ ಬರೆಯದಿದ್ದರೆ ನಾನಾದರೂ ಬರೆಯಬೇಕಲ್ಲ. ನಾನೂರಾ ಹನ್ನೆರಡು ಅಂಚೆಕಾರ್ಡು ತಂದು, ಹನ್ನೊಂದು ದಿನ ಕುಳಿತು ಬರೆದೆ: ನಿಮ್ಮ ಮಕ್ಕಳ ಇ-ಮೇಲಿನ ಗುಟ್ಟಿನ ಉತ್ತರವನ್ನು ಕೂಡಲೇ ಬದಲಿಸಿ. ಬಂದ ಮಾರೋಲೆಗಳು ಮೂರು. ಒಬ್ಬರು, ನಮ್ಮಲ್ಲಿ ಕಂಪ್ಯೂಟರ್ ಇಲ್ಲ, ಶರಣು ಎಂದಿದ್ದರು. ಇನ್ನೊಬ್ಬರಿಗೆ ಇನ್ನೂರಾ ಆರನೆಯ ಕನ್ಯೆಗೆ ಎಲ್ಲಾದರೂ ಸಂಬಂಧ ಗೊತ್ತಾಯಿತೆ ಎಂದು ತಿಳಿಯಬೇಕಿತ್ತು. ಮೂರನೆಯವರು ನನ್ನ ಸಲಹೆಯಂತೆ ತಾಯಿಯ ತವರನ್ನು ತೆಗೆದು ಅಜ್ಜಿಯ ತವರನ್ನು ಹಾಕಿದ್ದೇವೆ, ಉಪಕಾರವಾಯಿತು ಎಂದು ಬರೆದಿದ್ದರು. ಅಜ್ಜಿಯ ತವರು ಪುಸ್ತಿಕೆಯ ಹನ್ನೊಂದನೆಯ ಕಲಮು.

ಈ ನಡುವೆ ಸಮೃದ್ಧಿ ಇದ್ದುದರಲ್ಲಿ ಒಳ್ಳೆಯ ಕೌದಿಯೊಂದನ್ನು ಪುಣೆಯ ಹೆಂಗಸಿಗೆ ಕಳಿಸಿದಳು. ಮೋಸಹೋದ ಒಂಬತ್ತು ಮಂದಿಯಲ್ಲಿ ವಿಳಾಸ ಸಿಕ್ಕದ್ದು, ಮತ್ತೆ ಫೋನು ಮಾಡಿದ ಅವಳೊಬ್ಬಳದೇ. ಉಳಿದವರ ವಿಳಾಸಗಳು ಬೀಗ ಬಿದ್ದ ಖಾತೆಯೊಳಗಿದ್ದವು.

"ನೀ ಯಾಕ ಕಳಸತಿ? ತಗೊಂಡಾಂವ ಯಾವನೋ," ಎಂದು ನಿಂಗವ್ವ ಗದರಿದಳು.

"ಬೈಸಿಕೊಂಡಾಕಿ ನೀನಽ ಅಲ್ಲೇನಬೇ? ನಮ್ಮ ಹೆಸರಲೇ ತಗೊಂಡಾನ."

ವಾರದ ಮೇಲೆ ಪುಣೆಯಿಂದ ಫೋನು ಬಂತು. ಫೋಟೊದಲ್ಲಿದ್ದ ಅಂಚು ಕೆಂಪು, ಬಂದದ್ದು ಹಸಿರು ಎಂದಳಂತೆ. ಇಟ್ಟುಕೊಂಡಳೆಂಬುದು ಬೇರೆ ಮಾತು.

ಕಂಪನಿಯ ಉತ್ತರ ಫ್ಯಾಕ್ಸ್ ಮಾಡಿದ ಇಪ್ಪತ್ಮೂರನೆಯ ದಿನ ಬಂತು. ಗುರುಸಿದ್ದನ ಹೊಸ ಇ-ಮೇಲಿಗೆ ತರಿಸಿಕೊಂಡಿದ್ದೆವು. ಸಮೃದ್ಧಿಯೇ ನಿಜವಾದ ಒಡತಿಯೆಂದು ಒಪ್ಪಿದ್ದೇವೆ; ಆದರೆ ಒಂಬತ್ತು ದೂರುಗಳಿರುವುದರಿಂದ ನಿಯಮದಂತೆ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ; ಬೇರೆ ಹೆಸರಿನಲ್ಲಿ ಹೊಸತು ತೆರೆಯಲು ಅಡ್ಡಿಯಿಲ್ಲ. ನಾನು ಆ ಪತ್ರವನ್ನು ಎರಡು ಸಲ ಓದಿದೆ. ನಿನ್ನದೆಂದು ಒಪ್ಪಿಕೊಂಡು ಕಿತ್ತುಕೊಳ್ಳುವ ಆ ವಾಕ್ಯದಲ್ಲಿ ವ್ಯಾಕರಣದೋಷ ಒಂದೂ ಇರಲಿಲ್ಲ.

"ನೂರಾ ಹದಿಮೂರು?" ಎಂದಳು ಸಮೃದ್ಧಿ.

"ಹೋದವು," ಎಂದ ಗುರುಸಿದ್ದ.

ಅವಳು ಕುರ್ಚಿಯನ್ನು ಮುಂದಕ್ಕೆಳೆದು, ಹೊಸ ಇ-ಮೇಲಿನ ಅರ್ಜಿ ತೆರೆದಳು. ಹೆಸರು, ಊರು, ಹುಟ್ಟಿದ ದಿನ. ಗುಟ್ಟಿನ ಪ್ರಶ್ನೆಗಳ ಪಟ್ಟಿ ಬಂದಾಗ ಬೆರಳು ನಿಲ್ಲಿಸಿದಳು.

"ಮಾಮಾ, ನೀವು ಸ್ವಲ್ಪ ಹೊರಗ ನಿಂದರ್ರಿ."

"ನಾನೇನು ಪರಕೀಯನೇನವ್ವಾ?"

"ಪರಕೀಯರಾಗಿದ್ರ ಕುಂದರಸತಿದ್ದೆ. ನಿಮಗ ನಮ್ಮ ಮನೀದು ಎಲ್ಲಾ ಗೊತ್ತೈತಿ." ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಗುರುಸಿದ್ದಣ್ಣಾ, ನೀನೂ."

"ನನ್ನ ಅಂಗಡ್ಯಾಗಿಂದ ನನ್ನ ಹೊರಗ ಹಾಕತೀ?"

"ಎರಡ ನಿಮಿಷ."

ನಾವಿಬ್ಬರೂ ಹೊರಗೆ ಕಟ್ಟೆಯ ಮೇಲೆ ನಿಂತೆವು. ರಸ್ತೆಯಲ್ಲಿ ಗೋವೆಯ ಕಡೆಗಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು.

"ಸುಳ್ಳ ಬರಿಯಾಕತ್ತಾಳ ಸರ," ಎಂದ ಗುರುಸಿದ್ದ. "ಅದಽ ಚಲೋ. ಖರೇ ಬರದ್ರ ಯಾರರ ಹುಡುಕತಾರ."

ಅವಳ ತಾಯಿಗೆ ಯಾವ ತವರನ್ನು ಕೊಡುತ್ತಿರಬಹುದೆಂದು ನಾನು ಯೋಚಿಸುತ್ತಿದ್ದೆ. ಇಲ್ಲದ ಒಂದು ಮನೆ, ಇಲ್ಲದ ಒಬ್ಬ ಅಣ್ಣ. ಗಾಜಿನ ಬಾಗಿಲಿನಾಚೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಹೊರಗೆ ಬಂದಾಗ ಕೇಳಬಾರದೆಂದುಕೊಂಡಿದ್ದರೂ ಕೇಳಿಬಿಟ್ಟೆ. "ನೆನಪಿಡತೀಯಲ್ಲಾ?"

"ಇಡತೀನ್ರಿ," ಎಂದಳು. "ಬೀಡಿ ಬಸ್ಸಿಗೆ ಇನ್ನ ಹತ್ತ ನಿಮಿಷ ಐತಿ. ನೀವು ಬೆಳಗಾವಿ ಬಸ್ಸ ಹಿಡೀರಿ, ತಡಾ ಆಗತೈತಿ ನಿಮಗ."

ನಾನು ನಿಂತೇ ಇದ್ದೆ. ಅವಳು ರಸ್ತೆ ದಾಟಿ, ತನ್ನ ಬಸ್ಸಿನ ಕಡೆಗೆ ಹೋದಳು.