ಕಾಶವ್ವ ಹಾಕಿದ ತೆರಿಗೆ

"ಇನ್ನೂ ಆಳ ತೋಡ್ರಪ್ಪಾ, ನಮ್ಮ ಅತ್ತಿಗೆ ಏನ್ ಸಾಮಾನ್ಯರಾ?" ಎಂದು ಕುಣಿಯ ಅಂಚಿನಲ್ಲಿ ನಿಂತು ಶರಣು ಕೂಗುತ್ತಿದ್ದ. ಬಿಳಿ ಪಂಚೆ, ಕಪ್ಪು ಕನ್ನಡಕ. ದುಃಖ ಮಾತ್ರ ಅವನ ಹತ್ತಿರವೂ ಸುಳಿದಿರಲಿಲ್ಲ.

ಮಾಕಳಿಯ ಈ ಅರ್ಧ ಎಕರೆಯನ್ನು ಕಾಶವ್ವನ ಗಂಡ ಹೆಂಡತಿಯ ಹೆಸರಿನಲ್ಲೇ ಕೊಂಡಿದ್ದ. ಸತ್ತ ಮೇಲೆ ಇಲ್ಲೇ ಮಣ್ಣಾದ. ಮಕ್ಕಳಿಲ್ಲ. ಕಾಶವ್ವ ಹೋದರೆ ಜಾಗ ಮೈದುನನಿಗೆ ಎಂಬುದು ಎಲ್ಲರಿಗೂ ಗೊತ್ತು, ಮೈದುನ ಶರಣುವಿಗೆ ಎಲ್ಲರಿಗಿಂತ ಹೆಚ್ಚು ಗೊತ್ತು.

ಬೆಳಿಗ್ಗೆ ಯಲಹಂಕದ ಮನೆಯಲ್ಲಿ ಸ್ಮಿತಾ ಬೇಕೆಂದೇ ಒಂದು ಮಾತು ಎಸೆದಿದ್ದಳು. ಅವಳು ಕಾಶವ್ವನ ತಂಗಿಯ ಮಗಳು, ಕೊನೆಗಾಲಕ್ಕೆ ಜೊತೆಗಿದ್ದವಳು.

"ಕಾಕಾ, ಇಲ್ಲೇ ಹತ್ತಿರದ ರುದ್ರಭೂಮೀಲಿ ಮುಗಿಸಿಬಿಡೋಣ್ವಾ?"

"ಹುಚ್ಚೇನೇ ನಿಂಗೆ? ನಮ್ದೇ ಜಾಗ ಇಟ್ಕೊಂಡು ಬೇರೆ ಕಡೆ ಮಣ್ಣು ಮಾಡೋದಾ? ಖರ್ಚೆಲ್ಲಾ ನಂದು."

ಎರಡು ಸಮಾಧಿ ಎದ್ದರೆ ಜಾಗದ ಮೇಲೆ ಇನ್ಯಾರೂ ಕಣ್ಣು ಹಾಕುವುದಿಲ್ಲ ಎಂಬ ಲೆಕ್ಕಾಚಾರ ಅವನದು. ನಗು ಕಾಣಬಾರದೆಂದು ಸ್ಮಿತಾ ತಲೆ ತಗ್ಗಿಸಿದಳು.

*

ಕಾಶವ್ವ ಕೌದಿ ಹೊಲಿಯುತ್ತಿದ್ದಳು. ಹಳೆಯ ಇಳಕಲ್ ಸೀರೆಯ ಚೂರುಗಳಲ್ಲಿ ಅವಳ ಕೈಯಿಂದ ನವಿಲು, ಬಾವಿ, ಜೋಳದ ತೆನೆ ಎದ್ದು ಬರುತ್ತಿದ್ದವು. ಗಂಡ ತೀರಿದ ವರ್ಷ ಅವನ ಅಂಗಿ, ಪಂಚೆಗಳನ್ನೇ ಕತ್ತರಿಸಿ ಹೊಲಿದ ಕೌದಿಯನ್ನು ಶರಣು, ಅಣ್ಣನ ನೆನಪಿಗೆಂದು ಕೇಳಿ ಒಯ್ದ. ಹಬ್ಬಕ್ಕೆ ಅವನ ಮನೆಗೆ ಹೋದರೆ ಅದರ ಮೇಲೆ ನಾಯಿ ಮಲಗಿತ್ತು.

"ತೊಳೆದ್ರೆ ಹೋಗುತ್ತೆ ಬಿಡಿ ಅತ್ತಿಗೆ, ಹಳೇ ಬಟ್ಟೆ ತಾನೇ?" ಎಂದು ಶರಣು ನಕ್ಕಿದ್ದ.

ಕಾಶವ್ವ ಅಳಲಿಲ್ಲ. ಅಂದು ಹೊಟ್ಟೆಗೆ ಬಿದ್ದ ಬೆಂಕಿಯನ್ನು ಆರಲೂ ಬಿಡಲಿಲ್ಲ.

ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಸ್ಮಿತಾ ಒಮ್ಮೆ ಮಾತಿನ ನಡುವೆ ಹೇಳಿದಳು: ಕೆಲವು ದೇಶಗಳಲ್ಲಿ ಸತ್ತವರ ಆಸ್ತಿಗೆ ತೆರಿಗೆಯಿದೆ, ಹಣದ ಬದಲು ಕಲಾಕೃತಿಯನ್ನೋ ಜಮೀನನ್ನೋ ಸರ್ಕಾರಕ್ಕೆ ಕೊಟ್ಟರೂ ನಡೆಯುತ್ತದೆ.

ಕಾಶವ್ವನ ಸೂಜಿ ನಿಂತಿತು. "ನಮ್ಮಲ್ಲಿ ಐತೇನ ಆ ತೆರಿಗಿ?"

"ಇಲ್ಲ ದೊಡ್ಡವ್ವ."

"ಹಂಗಾರ ನಾನ ಹಾಕ್ತೀನಿ, ಆ ಶರಣುಗ. ಕೌದಿ, ಹೊಲ ಎಲ್ಲಾ ಸರಕಾರಕ್ಕ ಹೋಗ್ಲಿ. ನಾ ಮಣ್ಣಾಗೂತನಕ ಅವನ ಮುಂದ ಉಸುರಬ್ಯಾಡ."

*

ಕಾಶವ್ವನನ್ನು ಗಂಡನ ಪಕ್ಕದ ಕುಣಿಯಲ್ಲಿ ಕೂರಿಸಿ, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚಿದರು. ಶರಣು ಕೈ ತೊಳೆದುಕೊಂಡ.

"ನಾಳೇನೇ ಈ ಮುಳ್ಳುತಂತಿ ಬೇಲಿ ಕೀಳಿಸಿ ಕಾಂಪೌಂಡ್ ಕೆಲಸ ಶುರು ಮಾಡಿಸ್ತೀನಿ."

"ಬೇಡಿ ಕಾಕಾ," ಎಂದಳು ಸ್ಮಿತಾ. "ಇಲ್ಲಿ ಕೌದಿ ಮ್ಯೂಸಿಯಂ ಆಗ್ಲಿ ಅಂತ ದೊಡ್ಡವ್ವ ಹೋದ ವರ್ಷಾನೇ ಸರ್ಕಾರಕ್ಕೆ ದಾನಪತ್ರ ಮಾಡಿಕೊಟ್ಟಿದ್ದಾರೆ. ಕೌದಿಗಳೂ ಆಗಲೇ ಹೋದ್ವು. ಗಂಡನ ಪಕ್ಕ ಒಂದು ಕುಣಿಯಷ್ಟು ಜಾಗ ಮಾತ್ರ ತಮಗೆ ಇಟ್ಕೊಂಡಿದ್ರು. ಅದನ್ನ ನೀವೇ ನಿಂತು ತೋಡಿಸಿದ್ರಿ."

"ಕೋರ್ಟಿಗೆ ಎಳೀತೀನಿ!"

"ಯಾರನ್ನ? ದೊಡ್ಡವ್ವನ್ನಾ?"

ಶರಣು ಕಪ್ಪು ಕನ್ನಡಕ ತೆಗೆದು ಕುಣಿಯ ಹಸಿ ಮಣ್ಣನ್ನು ನೋಡಿದ. ಸ್ಮಿತಾಗೆ ಅಯ್ಯೋ ಅನ್ನಿಸಲಿಲ್ಲ. ಹಾಯೆನಿಸಿತು.

ಸರ್ಕಾರ ನೇಮಿಸಿದ್ದ ಕಾವಲುಗಾರ ಪಂಚಪ್ಪ ಬೀಗ ಹಿಡಿದು ಬಂದ. "ಎಲ್ಲಾ ಮುಗೀತಲ್ಲ ಸಾಮಿ? ಕಾರು ಆಚೆ ತಕ್ಕೊಳ್ಳಿ, ಗೇಟಿಗೆ ಬೀಗ ಆಕ್ಬೇಕು."

ಶರಣು ಕಾರನ್ನು ರಸ್ತೆಗೆ ತಂದು ಇಳಿದಾಗಲೇ ಬರಿಗಾಲು ಸುಟ್ಟಿದ್ದು. ಪೂಜೆಗೆಂದು ಕುಣಿಯ ಬಳಿ ಬಿಟ್ಟ ಚಪ್ಪಲಿ ಒಳಗೇ ಉಳಿದಿತ್ತು. ಅವನು ಗೇಟು ತಟ್ಟಿದ. ಪಂಚಪ್ಪ ಬೀಗ ತೆಗೆಯಲಿಲ್ಲ. ಚಪ್ಪಲಿಗಳನ್ನು ಒಂದೊಂದಾಗಿ ಗೇಟಿನ ಮೇಲಿಂದ ಆಚೆ ಎಸೆದ.